ಬೆಟ್ಟ, ಬಂಡೆ, ಪಾಳು ಕಟ್ಟಡ: ಹಳೆಯ ಫ್ಲೆಮಿಶ್ ಭೂದೃಶ್ಯ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೂರದಲ್ಲಿ ನೀಲಿ ಬೆಟ್ಟಗಳ ಸಾಲು. ನಡುವೆ ಕಡಿದಾದ ಬಂಡೆ, ಅದರ ಮೇಲೊಂದು ಕುಸಿದ ಗೋಪುರ. ಕೆಳಗೆ ಹೊಳೆ, ಸೇತುವೆ, ಹೇಸರಗತ್ತೆ ಹೊಡೆದುಕೊಂಡು ಹೋಗುವ ನಾಲ್ಕು ಜನ. ಇಂಥ ಚಿತ್ರವನ್ನು ಮ್ಯೂಸಿಯಂನಲ್ಲೋ ಫೋನಿನಲ್ಲೋ ನೋಡಿದವರ ಮನಸ್ಸಿಗೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಈ ಚಿತ್ರಗಳೆಂದರೆ ನನಗೆ ಬಹಳ ಇಷ್ಟ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಫ್ಲೆಮಿಶ್ ಚಿತ್ರ ಅಂದರೆ ಎಲ್ಲಿಯದು, ಯಾವ ಕಾಲದ್ದು?

ಫ್ಲಾಂಡರ್ಸ್‌ನದು, ಅಂದರೆ ಇವತ್ತಿನ ಬೆಲ್ಜಿಯಂನ ಕಡೆಯದು. ಆಗ ಅದು ಸ್ಪೇನನ್ನೂ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಗಳ ಕೈಕೆಳಗಿತ್ತು. ಚಿತ್ರಕಾರರ ದೊಡ್ಡ ಊರು ಆಂಟ್‌ವರ್ಪ್. ಬ್ರಸೆಲ್ಸ್, ಮೆಖೆಲೆನ್‌ಗಳಲ್ಲೂ ಈ ಕೆಲಸ ನಡೆಯುತ್ತಿತ್ತು. ನಾವಿಲ್ಲಿ ಮಾತಾಡುವ ಬೆಟ್ಟ ಮತ್ತು ಪಾಳು ಕಟ್ಟಡಗಳ ಚಿತ್ರಗಳು ಹೆಚ್ಚುಕಮ್ಮಿ 1515ರಿಂದ 1640ರವರೆಗಿನವು.

ಆ ನಾಡೆಲ್ಲ ಚಪ್ಪಟೆ ಅಲ್ವಾ? ಬೆಟ್ಟ ಎಲ್ಲಿಂದ ಬಂತು?

ಹೌದು, ಆಂಟ್‌ವರ್ಪ್ ಸುತ್ತಮುತ್ತ ಗುಡ್ಡ ಕೂಡ ಇಲ್ಲ. ಇಡೀ ಬೆಲ್ಜಿಯಂನ ಅತಿ ಎತ್ತರದ ಜಾಗ ಬೊಟ್ರಾಂಜ್. ಅದೂ ಬರೀ 694 ಮೀಟರ್, ದೇಶದ ಪೂರ್ವದ ಅಂಚಿನಲ್ಲಿದೆ. ಆದರೂ ಯುರೋಪಿನಲ್ಲಿ ಬೆಟ್ಟದ ಚಿತ್ರಕ್ಕೆ ಹೆಸರಾದವರು ಇದೇ ಚಪ್ಪಟೆ ನೆಲದವರು. ನನ್ನನ್ನು ಈ ಚಿತ್ರಗಳ ಕಡೆಗೆ ಮೊದಲು ಎಳೆದದ್ದೇ ಈ ವಿಷಯ.

ಮೊದಲ ಮೂಲ ಮ್ಯೂಸ್ ನದಿಯ ಕಣಿವೆ. ಈ ಬಗೆಯ ಚಿತ್ರಕ್ಕೆ ದಾರಿ ಹಾಕಿಕೊಟ್ಟ ಯೋಆಕಿಮ್ ಪಾಟಿನಿರ್ ಆ ಕಡೆಯವನು. ಅಲ್ಲಿನ ದಿನಾಂ ಪಟ್ಟಣದ ಹತ್ತಿರ ನದಿ ದಂಡೆಯಲ್ಲೇ ಬಂಡೆಗಳು ಗೋಡೆಯಂತೆ ನೇರ ಎದ್ದು ನಿಂತಿವೆ. ಪಾಟಿನಿರ್ 1515ರಲ್ಲಿ ಆಂಟ್‌ವರ್ಪಿನ ಚಿತ್ರಕಾರರ ಸಂಘ ಸೇರಿದ, 1524ರಲ್ಲಿ ತೀರಿಕೊಂಡ. ಸಿಕ್ಕಿದ್ದು ಹತ್ತು ವರ್ಷದಷ್ಟು ಕಾಲ ಮಾತ್ರ. ಅಷ್ಟರಲ್ಲೇ ಅವನು ಹುಟ್ಟೂರಿನ ಕಡೆಯ ಬಂಡೆಗಳನ್ನು ಎಳೆದು ಉದ್ದ ಮಾಡಿ, ಒಂದರ ಮೇಲೊಂದು ಏರಿಸಿ, ತನ್ನದೇ ಒಂದು ಲೋಕ ಕಟ್ಟಿದ. ಜರ್ಮನಿಯ ಆಲ್ಬ್ರೆಖ್ಟ್ ಡ್ಯೂರರ್ ಆ ಹೊತ್ತಿಗೆ ಆಂಟ್‌ವರ್ಪ್‌ಗೆ ಬಂದಿದ್ದ. 1521ರಲ್ಲಿ ಪಾಟಿನಿರ್‌ನ ಮದುವೆ ಊಟಕ್ಕೂ ಹೋಗಿದ್ದ. ಅವನನ್ನು ಒಳ್ಳೆಯ ಭೂದೃಶ್ಯ ಚಿತ್ರಕಾರ ಎಂದು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಎರಡನೆಯದು ಆಲ್ಪ್ಸ್. ಪೀಟರ್ ಬ್ರೂಗೆಲ್ 1552ರ ಹೊತ್ತಿಗೆ ಇಟಲಿಗೆ ಹೋಗಿ, ಎರಡು ಮೂರು ವರ್ಷದ ಮೇಲೆ ಆಲ್ಪ್ಸ್ ದಾಟಿಕೊಂಡು ವಾಪಸು ಬಂದ. ಬೆಟ್ಟಗಳನ್ನೆಲ್ಲ ನುಂಗಿಕೊಂಡು ಬಂದು, ಮನೆಯಲ್ಲಿ ಕ್ಯಾನ್ವಾಸಿನ ಮೇಲೆ ಉಗುಳಿದ ಎಂದು ಚಿತ್ರಕಾರರ ಜೀವನಕತೆ ಬರೆದ ಕಾರೆಲ್ ವಾನ್ ಮಾಂಡರ್ 1604ರ ತನ್ನ ಪುಸ್ತಕದಲ್ಲಿ ಹೇಳುತ್ತಾನೆ. ಮಾತು ಒರಟು, ಆದರೆ ನಿಜ. 1565ರ 'ಹಿಮದಲ್ಲಿ ಬೇಟೆಗಾರರು' ಚಿತ್ರ ನೋಡಿ. ಊರು, ಚರ್ಚು, ಮಕ್ಕಳು ಜಾರಾಡುವ ಹೆಪ್ಪುಗಟ್ಟಿದ ಕೊಳ ಎಲ್ಲವೂ ಫ್ಲೆಮಿಶ್. ಅದರ ಹಿಂದೆಯೇ ಚೂಪು ಚೂಪಾದ ಆಲ್ಪ್ಸ್ ಶಿಖರಗಳು ನಿಂತಿವೆ.

ಮೂರನೆಯದು ಅಚ್ಚಿನ ಹಾಳೆಗಳು. ಆಂಟ್‌ವರ್ಪಿನ ಪ್ರಕಾಶಕ ಹಿರೋನಿಮಸ್ ಕಾಕ್ 1555ರ ಹೊತ್ತಿಗೆ ಬ್ರೂಗೆಲ್‌ನ ದೊಡ್ಡ ಭೂದೃಶ್ಯಗಳ ಒಂದು ಸರಣಿಯನ್ನು ಅಚ್ಚು ಹಾಕಿಸಿದ. ಆಮೇಲೆ ಬೆಟ್ಟವನ್ನು ಕಣ್ಣಾರೆ ಕಾಣದ ಚಿತ್ರಕಾರನಿಗೂ ಬೆಟ್ಟ ಬಿಡಿಸುವುದು ಸಾಧ್ಯವಾಯಿತು.

ಚಿತ್ರದಲ್ಲಿರುವ ಜಾಗ ನಿಜವಾಗಿ ಎಲ್ಲಿದೆ? ಹುಡುಕಿಕೊಂಡು ಹೋಗಬಹುದಾ?

ಬಹುಪಾಲು ಚಿತ್ರಗಳಲ್ಲಿ ಅಂಥ ಜಾಗವೇ ಇಲ್ಲ. ಒಂದು ಕಡೆಯ ಬಂಡೆ, ಇನ್ನೊಂದು ಕಡೆಯ ಹೊಳೆ, ರೋಮಿನ ಒಂದು ಕಮಾನು, ಫ್ಲಾಂಡರ್ಸ್‌ನ ಒಂದು ಹಟ್ಟಿ. ಇವನ್ನೆಲ್ಲ ಕೋಣೆಯೊಳಗೆ ಕೂತು ಜೋಡಿಸಿದ್ದು. ಹೊರಗೆ ಹೋಗಿ ಸ್ಕೆಚ್ ಮಾಡಿಕೊಳ್ಳುತ್ತಿದ್ದರು, ಆದರೆ ಎಣ್ಣೆ ಬಣ್ಣದ ಕೆಲಸ ನಡೆಯುತ್ತಿದ್ದದ್ದು ಕಾರ್ಖಾನೆಯಲ್ಲೇ, ಅಂದರೆ ಚಿತ್ರಕಾರ ತನ್ನ ಶಿಷ್ಯರೊಂದಿಗೆ ಕೆಲಸ ಮಾಡುವ ಕೋಣೆಯಲ್ಲೇ.

ಇನ್ನೊಂದು ವಿಷಯ ಗಮನಿಸಿ. ನೆಲವನ್ನು ನಾವು ಹಕ್ಕಿಯಂತೆ ಮೇಲಿನಿಂದ ನೋಡುತ್ತಿರುತ್ತೇವೆ. ಕ್ಷಿತಿಜದ ಗೆರೆ ಚಿತ್ರದ ಮೇಲ್ಭಾಗದಲ್ಲಿರುತ್ತದೆ. ಬಂಡೆ, ಮರ, ಕಟ್ಟಡಗಳು ಮಾತ್ರ ಎದುರಿಗೆ ನಿಂತು ನೋಡಿದ ಹಾಗೆ ಇರುತ್ತವೆ. ಎರಡೂ ಒಟ್ಟಿಗೆ ಯಾವ ಜಾಗದಿಂದಲೂ ಕಾಣುವುದಿಲ್ಲ. ಒಂದೇ ಹಲಗೆಯಲ್ಲಿ ಸಮುದ್ರ, ಪಟ್ಟಣ, ಹೊಲ, ಕಾಡು, ಬೆಟ್ಟ ಎಲ್ಲ ಹಿಡಿಸಬೇಕಾದರೆ ಹೀಗೇ ಮಾಡಬೇಕು. ಇತಿಹಾಸಕಾರರು ಇದನ್ನು 'ವಿಶ್ವ ಭೂದೃಶ್ಯ' ಎನ್ನುತ್ತಾರೆ. ಅಬ್ರಹಾಂ ಒರ್ಟೀಲಿಯಸ್ 1570ರಲ್ಲಿ ಲೋಕದ ನಕ್ಷೆಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ಕಟ್ಟಿಕೊಟ್ಟದ್ದೂ ಇದೇ ಆಂಟ್‌ವರ್ಪಿನಲ್ಲಿ. ಅವನು ಬ್ರೂಗೆಲ್‌ನ ಗೆಳೆಯ. ಲೋಕವನ್ನೆಲ್ಲ ಒಂದೇ ನೋಟಕ್ಕೆ ತರುವ ಹಂಬಲ ಆ ಊರಿನ ಗಾಳಿಯಲ್ಲೇ ಇತ್ತು ಅನಿಸುತ್ತದೆ.

ಪಾಳು ಕಟ್ಟಡಗಳು ಯಾಕೆ? ಚೆನ್ನಾಗಿರುವ ಕಟ್ಟಡ ಬಿಡಿಸಬಹುದಿತ್ತಲ್ಲ?

ಇದಕ್ಕೆ ಒಂದೇ ಉತ್ತರ ಇಲ್ಲ. ಚಿತ್ರದಿಂದ ಚಿತ್ರಕ್ಕೆ ಕಾರಣ ಬದಲಾಗುತ್ತದೆ.

ಮೊದಲು ರೋಮ್. 16ನೇ ಶತಮಾನದಲ್ಲಿ ಓದು ಬರಹ ಬಲ್ಲ ಯುರೋಪಿಯನ್ನರಿಗೆ ಹಳೆಯ ರೋಮ್ ಎಂದರೆ ಬಹಳ ದೊಡ್ಡದು. ಚಿತ್ರಕಾರರು ವಾರಗಟ್ಟಲೆ ನಡೆದು ಅಲ್ಲಿಗೆ ಹೋಗುತ್ತಿದ್ದರು. ಹೋದವರಿಗೆ ಕಂಡದ್ದು ಬಹಳಷ್ಟು ಮುರಿದ ಕಂಬ, ಬಿದ್ದ ಕಮಾನು, ಗೋಡೆ ಮೇಲೆ ಬೆಳೆದ ಗಿಡ. ಒಂದು ಕಾಲಕ್ಕೆ ಸಾಮ್ರಾಜ್ಯದ ನಡುಮನೆಯಾಗಿದ್ದ ಫೋರಂ ಅರ್ಧ ಮಣ್ಣಲ್ಲಿ ಹೂತು, ದನ ಮೇಯುವ ಬಯಲಾಗಿತ್ತು. ಜನ ಅದನ್ನು ಕರೆಯುತ್ತಿದ್ದದ್ದೇ ದನದ ಬಯಲು ಎಂದು. ಉತ್ತರದ ಮಾರ್ಟೆನ್ ವಾನ್ ಹೀಮ್ಸ್‌ಕೆರ್ಕ್ 1530ರ ದಶಕದಲ್ಲಿ ಅಲ್ಲಿದ್ದು ಆ ಕಲ್ಲುಗಳನ್ನೆಲ್ಲ ಹಾಳೆಯ ಮೇಲೆ ಇಳಿಸಿಕೊಂಡ. ಬ್ರೂಗೆಲ್‌ನ ಬೆಟ್ಟಗಳನ್ನು ಅಚ್ಚು ಹಾಕಿಸಿದ ಕಾಕ್ 1551ರಲ್ಲೇ ರೋಮಿನ ಪಾಳು ಕಟ್ಟಡಗಳ ಅಚ್ಚುಗಳನ್ನು ಹೊರತಂದಿದ್ದ. ಅಂದರೆ ಬೆಟ್ಟ ಮತ್ತು ಪಾಳು ಎರಡೂ ಒಂದೇ ಅಂಗಡಿಯಿಂದ ಆಂಟ್‌ವರ್ಪಿನ ಚಿತ್ರಕಾರರ ಕೈಗೆ ಬಂದವು.

ಕೆಲವು ಕಟ್ಟಡಗಳನ್ನು ಗುರುತು ಹಿಡಿಯಬಹುದು. ಬಂಡೆಯ ತುದಿಯಲ್ಲಿ ಕಂಬಗಳ ಒಂದು ದುಂಡನೆಯ ಗುಡಿ, ಪಕ್ಕದಲ್ಲಿ ಜಲಪಾತ ಕಂಡರೆ ಅದರ ಮೂಲ ರೋಮಿನ ಹತ್ತಿರದ ಟಿವೊಲಿ ಇರಬೇಕು. ಅಲ್ಲಿ ಕಮರಿಯ ಅಂಚಿನಲ್ಲಿ ಇವತ್ತಿಗೂ ಆ ಗುಡಿ ನಿಂತಿದೆ. ಸಾಲು ಸಾಲು ಕಮಾನು ಅಂತಸ್ತುಗಳಾಗಿ ಏರಿದ್ದರೆ ಅದು ರೋಮಿನ ಹಳೆಯ ಬಯಲು ರಂಗಮಂದಿರ ಕೊಲೋಸಿಯಂ. ಬ್ರೂಗೆಲ್ 1563ರಲ್ಲಿ ಬೈಬಲ್ ಕತೆಯ ಬಾಬೆಲ್ ಗೋಪುರ ಬಿಡಿಸುವಾಗಲೂ ಅದರ ಕಮಾನುಗಳನ್ನೇ ಬಳಸಿದ. ಆ ಚಿತ್ರದಲ್ಲಿ ಗೋಪುರ ಇನ್ನೂ ಕಟ್ಟುತ್ತಿದ್ದಾರೆ, ಆಗಲೇ ಅದು ಪಾಳು ಬಿದ್ದ ಹಾಗೆ ಕಾಣುತ್ತದೆ.

ಎರಡನೆಯದು ಧರ್ಮದ ಅರ್ಥ. ಯೇಸು ಹುಟ್ಟಿದ ಚಿತ್ರಗಳಲ್ಲಿ ಕೊಟ್ಟಿಗೆಯ ಜೊತೆ ಮುರಿದ ಗೋಡೆ ಇರುವುದು ಆಗ ವಾಡಿಕೆ. ಹಳೆಯ ಕಾಲ ಮುಗಿಯಿತು, ಹೊಸದು ಶುರುವಾಯಿತು ಎಂದು ಅದರ ಅರ್ಥ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ಪಾಟಿನಿರ್‌ನ ಒಂದು ಚಿತ್ರ ಇದೆ. ಈಜಿಪ್ಟಿಗೆ ಓಡಿಹೋಗುವ ದಾರಿಯಲ್ಲಿ ಮೇರಿ ಮಗುವಿನೊಂದಿಗೆ ಸುಧಾರಿಸಿಕೊಳ್ಳುತ್ತಿದ್ದಾಳೆ. ಎಡಗಡೆ ಒಂದು ವಿಚಿತ್ರ ಗುಡಿಯಿಂದ ವಿಗ್ರಹಗಳು ಉರುಳುತ್ತಿವೆ. ಮಗು ಬಂದ ಕೂಡಲೇ ಈಜಿಪ್ಟಿನ ವಿಗ್ರಹಗಳು ಬಿದ್ದವು ಎಂಬ ಕತೆ ಅದು. ಕತೆ ಗೊತ್ತಿಲ್ಲದಿದ್ದರೆ ಆ ಮೂಲೆ ಸುಮ್ನೆ ಅಲಂಕಾರ ಅನಿಸಿಬಿಡುತ್ತದೆ.

ಮೂರನೆಯದು ಆ ನಾಡಿನದೇ ಕಷ್ಟ. 1566ರಲ್ಲಿ ಗುಂಪುಗಳು ಚರ್ಚುಗಳಿಗೆ ನುಗ್ಗಿ ಮೂರ್ತಿಗಳನ್ನು ಒಡೆದವು. 1568ರಿಂದ ಸ್ಪೇನಿನ ವಿರುದ್ಧ ಎಂಬತ್ತು ವರ್ಷದ ಯುದ್ಧ. 1576ರಲ್ಲಿ ಸಂಬಳ ಸಿಗದ ಸ್ಪೇನಿನ ಸೈನಿಕರು ಆಂಟ್‌ವರ್ಪನ್ನು ಲೂಟಿ ಮಾಡಿ ಸುಟ್ಟರು. 1585ರಲ್ಲಿ ಮುತ್ತಿಗೆಯ ನಂತರ ಊರು ಸ್ಪೇನಿಗೆ ಶರಣಾಯಿತು. ಇದೇ ಕಾರಣಕ್ಕೆ ಇಂಥ ಚಿತ್ರಕಾರ ಈ ಬುರುಜನ್ನು ಹೀಗೆ ಬಿಡಿಸಿದ ಎಂದು ನಾನು ಹೇಳುವುದಿಲ್ಲ. ಆದರೆ ಚಿತ್ರ ಕೊಂಡು ಗೋಡೆಗೆ ಹಾಕಿಕೊಂಡವರು ಸುಟ್ಟ ಮನೆಗಳನ್ನು ಕಂಡವರು. ಕುಸಿದ ಗೋಡೆಯನ್ನು ಅವರು ನೋಡಿದ್ದಕ್ಕೂ ನಾವು ನೋಡುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಇನ್ನು ಕೈಗೆಲಸದ ಕಾರಣ. ಪಾಳು ಗೋಡೆಗೆ ನೇರ ಗೆರೆ ಬೇಕಿಲ್ಲ. ಅದು ಬಂಡೆಯ ಜೊತೆ ಬೆರೆತುಹೋಗುತ್ತದೆ. ಕೆರ್ಸ್ಟಿಯಾನ್ ಡಿ ಕ್ಯೂನಿಂಕ್, ರೂಲಾಂಟ್ ಸಾವೆರಿ ಇಂಥವರ ಚಿತ್ರಗಳಲ್ಲಿ ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ನನಗಂತೂ ಅದೇ ಇಷ್ಟ.

ಅಷ್ಟು ಚಿಕ್ಕದಾಗಿ ಮನುಷ್ಯರನ್ನು ಯಾಕೆ ಬಿಡಿಸಿದ್ದಾರೆ?

ಶುರುವಿನಲ್ಲಿ ಚಿತ್ರಕ್ಕೆ ಒಂದು ಕತೆ ಇರಲೇಬೇಕಿತ್ತು. ಬರೀ ಬೆಟ್ಟವನ್ನೇ ಬಿಡಿಸಿ ಮಾರುವ ಪದ್ಧತಿ ಇರಲಿಲ್ಲ. ಹಾಗಾಗಿ ಬಂಡೆಯ ಬುಡದಲ್ಲಿ ತಪಸ್ಸಿಗೆ ಕೂತ ಸಂತ ಜೆರೋಮ್, ಪಕ್ಕದಲ್ಲಿ ಅವನ ಸಿಂಹ. ಅಥವಾ ಕತ್ತೆಯ ಮೇಲೆ ಮೇರಿ. ವರ್ಷ ಕಳೆದಂತೆ ಸಂತರು ಕಡಿಮೆಯಾಗಿ ದಾರಿಹೋಕರು, ವ್ಯಾಪಾರಿಗಳು, ಕುರಿ ಕಾಯುವವರು, ದಾರಿ ಕಾದು ದೋಚುವವರು ಬಂದರು.

ಮನುಷ್ಯರನ್ನು ಬೆಟ್ಟ ಬಿಡಿಸಿದವನೇ ಬಿಡಿಸಬೇಕು ಎಂದೇನೂ ಇರಲಿಲ್ಲ. ಪ್ರಾಡೊದಲ್ಲಿರುವ 'ಸಂತ ಆಂಟನಿಯ ಪರೀಕ್ಷೆ' ಚಿತ್ರದಲ್ಲಿ ಭೂದೃಶ್ಯ ಪಾಟಿನಿರ್‌ನದು, ಮನುಷ್ಯರು ಕ್ವೆಂಟಿನ್ ಮಾಸಿಸ್‌ನ ಕೈಯವರು. ಯೋಸ್ ಡಿ ಮೊಂಪರ್‌ನ ಬೆಟ್ಟಗಳಲ್ಲಿ ಹಲವು ಸಲ ಮನುಷ್ಯರನ್ನು ಬಿಡಿಸಿದ್ದು ಬ್ರೂಗೆಲ್‌ನ ಮಗ ಯಾನ್ ಬ್ರೂಗೆಲ್. ಕೆಲಸ ಹಂಚಿಕೊಳ್ಳುವುದರಲ್ಲಿ ಅವರಿಗೆ ಯಾವ ಕೀಳರಿಮೆಯೂ ಇರಲಿಲ್ಲ.

ಯೋಸ್ ಡಿ ಮೊಂಪರ್ ಯಾರು? ಈ ಹೆಸರು ಎಲ್ಲ ಕಡೆ ಬರುತ್ತದೆ.

1564ರಲ್ಲಿ ಆಂಟ್‌ವರ್ಪಿನಲ್ಲಿ ಹುಟ್ಟಿ 1635ರಲ್ಲಿ ಅಲ್ಲೇ ತೀರಿಕೊಂಡವನು. ಮನೆತನವೇ ಚಿತ್ರಕಾರರದು. 1581ರಲ್ಲಿ, ಅಪ್ಪ ಸಂಘದ ಮುಖ್ಯಸ್ಥನಾಗಿದ್ದಾಗ, ಇನ್ನೂ ಹುಡುಗನಾಗಿದ್ದ ಇವನು ಸಂಘಕ್ಕೆ ಸೇರಿದ. ಆಂಟ್‌ವರ್ಪಿನ ಹೆಸರಾಂತ ಚಿತ್ರಕಾರ ವಾನ್ ಡೈಕ್ ತನ್ನ ಕಾಲದ ಹೆಸರಾಂತರ ಮುಖಚಿತ್ರಗಳ ಅಚ್ಚು ಸರಣಿ ಮಾಡಿದಾಗ ಇವನನ್ನೂ ಸೇರಿಸಿದ. ಅದರ ಕೆಳಗೆ 'ಆಂಟ್‌ವರ್ಪಿನ ಬೆಟ್ಟಗಳ ಚಿತ್ರಕಾರ' ಎಂದಿದೆ. ಬೆಟ್ಟವೇ ಇಲ್ಲದ ಊರಿನವನಿಗೆ ಆ ಬಿರುದು!

ಅವನ ಕುಂಚದ ಓಟ ನೋಡಬೇಕು. ಪಾಟಿನಿರ್ ಒಂದೊಂದು ಎಲೆಯನ್ನೂ ಬಿಡಿಸುವವನು. ಮೊಂಪರ್ ಹಾಗಲ್ಲ. ಅಗಲವಾದ ಕುಂಚದಿಂದ ಸರಸರನೆ ಬಂಡೆ ಎಳೆಯುತ್ತಾನೆ. ಹತ್ತಿರ ಹೋದರೆ ಬರೀ ಬಣ್ಣದ ಗೀಟುಗಳು, ನಾಲ್ಕು ಹೆಜ್ಜೆ ಹಿಂದೆ ಬಂದರೆ ಬೆಟ್ಟ. ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿರುವ ಅವನ ದೊಡ್ಡ ಬೆಟ್ಟದ ಚಿತ್ರದ ಎದುರು ಇದು ಚೆನ್ನಾಗಿ ತಿಳಿಯುತ್ತದೆ.

ಮುಂದೆ ಕಂದು, ನಡುವೆ ಹಸಿರು, ಹಿಂದೆ ನೀಲಿ. ಎಲ್ಲ ಚಿತ್ರದಲ್ಲೂ ಹೀಗೇ ಯಾಕೆ?

ದೂರದ ಬೆಟ್ಟ ನೀಲಿಯಾಗಿ ಕಾಣುವುದು ನಿಜ. ನಡುವಿನ ಗಾಳಿ ಬೆಳಕಿನ ನೀಲಿ ಭಾಗವನ್ನು ಜಾಸ್ತಿ ಚದುರಿಸುತ್ತದೆ. ಚಿತ್ರಕಾರರು ಇದನ್ನು ಕಣ್ಣಿನಿಂದ ಕಂಡುಕೊಂಡು, ನಿಯಮ ಮಾಡಿ, ಶಿಷ್ಯರಿಗೆ ಕಲಿಸಿದರು. ಮೂರು ಪಟ್ಟಿ ಬಳಸಿದರೆ ಚಪ್ಪಟೆ ಹಲಗೆಯ ಮೇಲೆ ಮೈಲುಗಟ್ಟಲೆ ದೂರ ಕಾಣಿಸಬಹುದು.

ನಾವು ಇವತ್ತು ನೋಡುವ ಬಣ್ಣ ಅವರು ಹಚ್ಚಿದ ಬಣ್ಣವೇ ಅಲ್ಲ ಎನ್ನುವುದನ್ನೂ ನೆನಪಿಡಿ. ನೀಲಿಗೆ ಅವರು ಅಜುರೈಟ್ ಎಂಬ ತಾಮ್ರದ ಅದಿರನ್ನು ಬಳಸುತ್ತಿದ್ದರು. ಇಲ್ಲವೇ ಕೋಬಾಲ್ಟ್ ಸೇರಿಸಿದ ಗಾಜನ್ನು ಪುಡಿ ಮಾಡಿ ತಯಾರಿಸುವ ಸ್ಮಾಲ್ಟ್. ಆಫ್ಘಾನಿಸ್ತಾನದ ಬದಖ್‌ಶಾನ್‌ನಿಂದ ಬರುತ್ತಿದ್ದ ಲಾಜವರ್ದಿ ಕಲ್ಲಿನ ನೀಲಿ ಬಹಳ ದುಬಾರಿ. ಸ್ಮಾಲ್ಟ್ ಎಣ್ಣೆಯಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಮಂಕು ಆಕಾಶ ಕಂಡರೆ ಚಿತ್ರಕಾರ ಮೋಡದ ದಿನ ಬಿಡಿಸಿದ್ದ ಅಂತಲೇ ತಿಳಿಯಬೇಡಿ, ಸ್ಮಾಲ್ಟ್ ಕೆಟ್ಟಿರಬಹುದು. ತಾಮ್ರದ ಹಸಿರು ಕಂದಾಗುತ್ತದೆ. ಗಿಡಮೂಲದ ಹಳದಿ ಬೆಳಕಿಗೆ ಹಾರಿಹೋಗುತ್ತದೆ. ಹಳದಿ ಹೋದ ಮೇಲೆ ಹಸಿರು ಮರಗಳು ನೀಲಿಯಾಗಿ ಉಳಿಯುತ್ತವೆ. ಮೇಲೆ ಬಳಿದ ವಾರ್ನಿಷ್ ಹಳೆಯದಾದಂತೆ ಹಳದಿಯಾಗಿ ಎಲ್ಲವನ್ನೂ ಮಬ್ಬು ಮಾಡುತ್ತದೆ.

ಇವನ್ನು ಯಾವುದರ ಮೇಲೆ ಬಿಡಿಸುತ್ತಿದ್ದರು?

ಹೆಚ್ಚಾಗಿ ಓಕ್ ಮರದ ಹಲಗೆ. ಒಳ್ಳೆಯ ಓಕ್ ಬಾಲ್ಟಿಕ್ ಕಡಲ ಕಡೆಯಿಂದ ಹಡಗಿನಲ್ಲಿ ಬರುತ್ತಿತ್ತು. ದೊಡ್ಡ ಚಿತ್ರಕ್ಕೆ ಕ್ಯಾನ್ವಾಸ್. ಪುಟ್ಟ, ನಯವಾದ ಕೆಲಸಕ್ಕೆ ತಾಮ್ರದ ತಗಡು. ತಗಡಿಗೆ ನಾರೂ ಇಲ್ಲ, ನೇಯ್ಗೆಯೂ ಇಲ್ಲ. ಹಾಗಾಗಿ ಕೂದಲೆಳೆಯಷ್ಟು ಸಣ್ಣ ಗೆರೆಯೂ ಅದರ ಮೇಲೆ ನಿಲ್ಲುತ್ತದೆ.

ಸಹಿ ಇಲ್ಲದಿದ್ದರೆ ಯಾರ ಚಿತ್ರ ಅಂತ ಹೇಗೆ ಹೇಳುತ್ತಾರೆ?

ಸಹಿ ಹಾಕುವುದು ಆಗ ಅಷ್ಟು ಮುಖ್ಯವಾಗಿರಲಿಲ್ಲ. ಮೊಂಪರ್‌ನದು ಎನ್ನುವ ಚಿತ್ರಗಳು ನೂರಾರು, ಆದರೆ ಸಹಿ ಇರುವವು ಬೆರಳೆಣಿಕೆ. ಹೆರ್ರಿ ಮೆಟ್ ಡಿ ಬ್ಲೆಸ್ ಚಿತ್ರದೊಳಗೆ ಎಲ್ಲೋ ಒಂದು ಗೂಬೆ ಕೂರಿಸುತ್ತಿದ್ದ. ಇಟಲಿಯವರು ಅವನನ್ನು ಗೂಬೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಹಾಗೆಂದು ಗೂಬೆ ಇರುವುದೆಲ್ಲ ಅವನದಲ್ಲ. ಬೇರೆಯವರೂ ಗೂಬೆ ಬಿಡಿಸಿದ್ದಾರೆ.

ಕುಂಚದ ರೀತಿ, ಮರ ಬಿಡಿಸುವ ಕ್ರಮ ನೋಡಿ ಪರಿಣಿತರು ಅಂದಾಜು ಮಾಡುತ್ತಾರೆ. ಆಮೇಲೆ ಪರೀಕ್ಷೆ. ಓಕ್ ಹಲಗೆಯ ಅಂಚಿನಲ್ಲಿ ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ, ಆ ಮರ ಯಾವ ವರ್ಷಕ್ಕಿಂತ ಮೊದಲು ಬಿದ್ದಿರಲಾರದು ಎಂದು ಹೇಳಬಹುದು. ಹಲಗೆಯ ಹಿಂದೆ ಎರಡು ಕೈ ಮತ್ತು ಕೋಟೆಯ ಮುದ್ರೆ ಇದ್ದರೆ ಅದು ಆಂಟ್‌ವರ್ಪ್ ಸಂಘದ ತಪಾಸಣೆ ದಾಟಿದ ಹಲಗೆ. ಅತಿಗೆಂಪು ಕಿರಣದ ಕ್ಯಾಮೆರಾ ಬಣ್ಣದ ಕೆಳಗಿನ ಮೊದಲ ಗೆರೆಗಳನ್ನು ತೋರಿಸುತ್ತದೆ. ಇವ್ಯಾವುವೂ ಒಂಟಿಯಾಗಿ ಹೆಸರು ಹೇಳುವುದಿಲ್ಲ. ಇಂಥವನದಲ್ಲ ಎಂದು ಹೇಳುವುದಕ್ಕೆ ಮಾತ್ರ ಬಹಳ ಉಪಯೋಗ.

ಮ್ಯೂಸಿಯಂ ಚೀಟಿಯ ಮೇಲಿನ ಮಾತನ್ನು ಸರಿಯಾಗಿ ಓದಿ. 'ಮೊಂಪರ್‌ನ ಕಾರ್ಖಾನೆ' ಎಂದರೆ ಅವನ ಕಣ್ಣಳತೆಯಲ್ಲಿ ಬೇರೆ ಕೈಗಳು ಮಾಡಿದ್ದು. 'ವಲಯ' ಎಂದರೆ ಅದೇ ಕಾಲದಲ್ಲಿ ಅವನಿಗೆ ಹತ್ತಿರ ಇದ್ದ ಯಾರೋ. 'ಅನುಯಾಯಿ' ಎಂದರೆ ಇನ್ನೂ ದೂರ, ಕೆಲವೊಮ್ಮೆ ವರ್ಷಗಳ ನಂತರ. 'ಫ್ಲೆಮಿಶ್ ಶಾಲೆ' ಎಂದಷ್ಟೇ ಇದ್ದರೆ ಹೆಸರು ತಿಳಿದಿಲ್ಲ ಎಂದರ್ಥ. ಹೆಸರಿಲ್ಲದ ಚಿತ್ರವೂ ಬಹಳ ಚೆನ್ನಾಗಿರಬಹುದು. ಚೀಟಿ ನೋಡಿ ಮುಂದೆ ಹೋಗಿಬಿಡಬೇಡಿ.

ಇವನ್ನು ಕೊಳ್ಳುತ್ತಿದ್ದವರು ಯಾರು? ರಾಜರಾ?

ರಾಜರೂ ಕೊಂಡರು. ಪ್ರಾಗ್‌ನ ರುಡಾಲ್ಫ್ ಚಕ್ರವರ್ತಿ ರೂಲಾಂಟ್ ಸಾವೆರಿಯನ್ನು ಬೆಟ್ಟಗಳನ್ನು ಬಿಡಿಸಿಕೊಂಡು ಬಾ ಎಂದು ಆಲ್ಪ್ಸ್‌ನ ಟಿರೋಲ್‌ಗೆ ಕಳಿಸಿದ್ದ. ಆದರೆ ಬಹಳಷ್ಟು ಮಾರಾಟ ವ್ಯಾಪಾರಿಗಳಿಗೆ. ಆಂಟ್‌ವರ್ಪಿನಲ್ಲಿ 1540ರಿಂದ ವ್ಯಾಪಾರಿಗಳ ವಿನಿಮಯ ಕಟ್ಟಡದ ಮೇಲಂತಸ್ತಿನಲ್ಲಿ ಚಿತ್ರಗಳ ಮಾರುಕಟ್ಟೆಯೇ ಇತ್ತು. ಯಾರೂ ಹೇಳದೆಯೂ ಬಿಡಿಸಿಟ್ಟು, ಬಂದವರಿಗೆ ಮಾರುತ್ತಿದ್ದರು.

ಆಗ ಇಟಲಿಯವರು ಈ ಚಿತ್ರಗಳನ್ನು ಮೆಚ್ಚಿದರಾ?

ಮೆಚ್ಚಿದರು, ಬೈದರು ಕೂಡ. ಫ್ಲಾಂಡರ್ಸ್‌ನವರು ಹುಲ್ಲು, ಮರದ ನೆರಳು, ಹೊಳೆ, ಸೇತುವೆ ಬಿಡಿಸಿ ಭೂದೃಶ್ಯ ಎನ್ನುತ್ತಾರೆ, ಅದರಲ್ಲಿ ಅಳತೆಯೂ ಇಲ್ಲ, ಆಯ್ಕೆಯೂ ಇಲ್ಲ ಎಂದು ಮೈಕೆಲ್ಯಾಂಜೆಲೊ ಹೇಳಿದ ಹಾಗೆ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಡಿ ಹೊಲಾಂಡ 1548ರಲ್ಲಿ ಬರೆದಿದ್ದಾನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಪಾಟಿನಿರ್‌ನ ಬಂಡೆ ಎಲ್ಲಿ ನಿಲ್ಲಬೇಕು, ಹೊಳೆ ಎಲ್ಲಿ ತಿರುಗಬೇಕು ಎನ್ನುವುದರಲ್ಲಿ ಎಷ್ಟು ಆಯ್ಕೆ ಇದೆ ಎಂದು ನೋಡುತ್ತ ಕೂತರೆ ಗೊತ್ತಾಗುತ್ತದೆ.

ಮುಂದೆ ರೋಮಿನವರೇ ಫ್ಲೆಮಿಶ್ ಕೈಗಳನ್ನು ಕರೆಸಿಕೊಂಡರು. ಆಂಟ್‌ವರ್ಪಿನ ಮಾಥೈಸ್ ಬ್ರಿಲ್ ವ್ಯಾಟಿಕನ್‌ನ 'ಗಾಳಿಗಳ ಗೋಪುರ'ದ ಗೋಡೆಗಳ ಮೇಲೆ ಭೂದೃಶ್ಯಗಳನ್ನು ಬಿಡಿಸಿದ. ಅವನು 1583ರಲ್ಲಿ ತೀರಿಕೊಂಡ ಮೇಲೆ ತಮ್ಮ ಪಾಲ್ ಬ್ರಿಲ್ ಕೆಲಸ ಮುಂದುವರಿಸಿದ. 1626ರಲ್ಲಿ ಸಾಯುವವರೆಗೂ ರೋಮಿನಲ್ಲೇ ಇದ್ದ. ಪಾಳು ಕಟ್ಟಡವನ್ನು ಪಕ್ಕದಲ್ಲೇ ಇಟ್ಟುಕೊಂಡು ಬಿಡಿಸಿದ್ದರಿಂದ ಅವನ ಚಿತ್ರಗಳಲ್ಲಿ ಬೆಳಕು ಬೇರೆಯೇ. ಬಂಡೆಗಳು ಸಣ್ಣದಾದವು, ಕ್ಷಿತಿಜ ಕೆಳಗಿಳಿಯಿತು, ಸಂಜೆಯ ಬಿಸಿಲು ಕಲ್ಲಿನ ಮೇಲೆ ಬಿತ್ತು. ಮುಂದಿನ ಪೀಳಿಗೆಯಲ್ಲಿ ಫ್ರೆಂಚ್ ಚಿತ್ರಕಾರ ಕ್ಲೋಡ್ ಲೊರೇನ್ ರೋಮಿನಲ್ಲಿ ಬೆಳೆಸಿದ್ದು ಈ ದಾರಿಯನ್ನೇ.

ನಮ್ಮ ಕಡೆಗೆ ಏನಾದರೂ ನಂಟು ಇದೆಯಾ?

ಇದೆ. ಗೋವಾದಿಂದ ಹೊರಟ ಜೆಸ್ಯೂಟ್ ಪಾದ್ರಿಗಳು 1580ರಲ್ಲಿ ಫತೇಪುರ್ ಸಿಕ್ರಿಗೆ ಹೋಗಿ ಅಕ್ಬರನಿಗೆ ಆಂಟ್‌ವರ್ಪಿನಲ್ಲಿ ಅಚ್ಚಾದ ಬಹುಭಾಷಾ ಬೈಬಲ್ಲಿನ ಸಂಪುಟಗಳನ್ನು ಕೊಟ್ಟರು. ಅದರಲ್ಲಿ ಫ್ಲೆಮಿಶ್ ಅಚ್ಚು ಚಿತ್ರಗಳಿದ್ದವು. ಇಂಥ ಅಚ್ಚುಗಳು ಇನ್ನೂ ಬಂದವು. ಮೊಘಲ್ ಚಿತ್ರಗಳ ಹಿನ್ನೆಲೆಯಲ್ಲಿ ಮಸುಕಾಗುತ್ತ ಹೋಗುವ ದೂರದ ಬೆಟ್ಟ, ಪುಟ್ಟ ಪಟ್ಟಣ ಕಾಣಿಸಿಕೊಂಡದ್ದರಲ್ಲಿ ಅವುಗಳ ಪಾಲು ದೊಡ್ಡದು.

ಇನ್ನೂ ಹತ್ತಿರಕ್ಕೆ ಬಂದರೆ ವಿಜಯಪುರ. ಕೊರ್ನೆಲಿಸ್ ಕ್ಲಾಸ್ ಹೇಡ ಎಂಬ ಚಿತ್ರಕಾರ 1610ರ ಹೊತ್ತಿಗೆ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನ ಸೇರಿದ. ಅವನು ಉತ್ತರದ ಹಾರ್ಲೆಮ್‌ನವನು, ಅಂದರೆ ಡಚ್, ಫ್ಲೆಮಿಶ್ ಅಲ್ಲ. ಆದರೆ ಅಕ್ಕಪಕ್ಕದ ನಾಡು, ಒಂದೇ ಬಗೆಯ ತರಬೇತಿ.

ಈ ಚಿತ್ರಗಳನ್ನು ಹೇಗೆ ನೋಡಬೇಕು?

ಒಂದೇ ನೋಟಕ್ಕೆ ನೋಡಿ ಮುಗಿಸಬೇಡಿ. ಇವು ಕಣ್ಣು ನಡೆಯಲಿ ಎಂದೇ ಕಟ್ಟಿದ ಚಿತ್ರಗಳು. ಕೆಳಗಿನ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ದಾರಿ ಇರುತ್ತದೆ. ಅಲ್ಲಿಂದ ಹೊರಡಿ. ಸೇತುವೆ ದಾಟಿ, ಪಾಳು ಗೋಡೆಯ ಹಿಂದೆ ಹೋಗಿ, ದಾರಿ ಎಲ್ಲಿ ಮರೆಯಾಗಿ ಎಲ್ಲಿ ಮತ್ತೆ ಕಾಣುತ್ತದೆ ನೋಡಿ. ದಾರಿಯಲ್ಲಿ ಯಾರು ಸಿಗುತ್ತಾರೆ, ಎತ್ತ ಹೊರಟಿದ್ದಾರೆ ಗಮನಿಸಿ. ಪಾಳು ಕಟ್ಟಡದೊಳಗೆ ಯಾರಾದರೂ ವಾಸ ಇದ್ದಾರಾ ಎಂದು ಹುಡುಕಿ. ಕಮಾನಿನ ಕೆಳಗೆ ಒಲೆಯ ಹೊಗೆ, ಮುರಿದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ ಸಿಗಬಹುದು. ಚಿತ್ರಕಾರರು ಇಂಥದನ್ನು ಪ್ರೀತಿಯಿಂದ ಬಿಡಿಸಿದ್ದಾರೆ.

ಅಷ್ಟು ದೂರ ಹೋಗಲಾಗದವರು ಏನು ಮಾಡಬೇಕು?

ಪಾಟಿನಿರ್‌ನ ಅತ್ಯುತ್ತಮ ಚಿತ್ರಗಳು ಪ್ರಾಡೊದಲ್ಲಿವೆ. ಬ್ರೂಗೆಲ್ ಮತ್ತು ಮೊಂಪರ್ ಬೇಕಾದರೆ ವಿಯೆನ್ನಾ. ಈ ಎರಡೂ ಮ್ಯೂಸಿಯಂಗಳು ತಮ್ಮ ವೆಬ್‌ಸೈಟಿನಲ್ಲಿ ಒಳ್ಳೆಯ ಚಿತ್ರಗಳನ್ನು ಹಾಕಿವೆ, ದುಡ್ಡು ಕೊಡಬೇಕಿಲ್ಲ. ಫೋನಿನ ಪುಟ್ಟ ಪರದೆ ಸಾಲದು, ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡಿ. ಮೊದಲಿಗೆ ಪ್ರಾಡೊದಲ್ಲಿರುವ ಪಾಟಿನಿರ್‌ನ 'ಸ್ಟಿಕ್ಸ್ ನದಿ ದಾಟುವುದು' ನೋಡಿ. ಸ್ಟಿಕ್ಸ್ ಎಂದರೆ ಗ್ರೀಕ್ ಪುರಾಣದಲ್ಲಿ ಸತ್ತವರು ದಾಟುವ ನದಿ. ನಡುವೆ ಅಗಲವಾದ ನದಿ, ಅದರಲ್ಲಿ ಸತ್ತವನೊಬ್ಬನನ್ನು ಕೂರಿಸಿಕೊಂಡ ಅಂಬಿಗ. ಎಡಕ್ಕೆ ಸ್ವರ್ಗ, ಬಲಕ್ಕೆ ಉರಿಯುವ ನರಕ. ಹಲಗೆ ಒಂದು ಮೀಟರ್ ಅಗಲಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ದೊಡ್ಡದು ಮಾಡಿದಷ್ಟೂ ಅದರೊಳಗೆ ಹೊಸದು ಸಿಗುತ್ತದೆ. ಅಂಬಿಗನ ದೋಣಿ ಯಾವ ಕಡೆಗೆ ತಿರುಗಿದೆ ಎಂದು ನೀವೇ ನೋಡಿ.